ಹೇನು ಸಾಕಿದವಳು

ವ್ರೊಟ್ಸ್ವಾಫ್‌ನ ಈ ವೃದ್ಧಾಶ್ರಮದಲ್ಲಿ
ಸ್ನಾನ ಮಾಡಿಸಲು ಬಂದ ನರ್ಸ್ ಹುಡುಗಿ
ನನ್ನ ಎಡತೊಡೆ ನೋಡಿ ಕೈ ತಡೆದಳು.
ಒತ್ತೊತ್ತಾಗಿ ಏಳು ಚೌಕ, ಕಂದು ಮಾಸಲು,
ಯಾರೋ ಅಂಚೆಚೀಟಿ ಅಂಟಿಸಿ ಕಿತ್ತ ಹಾಗೆ.
"ಏನಜ್ಜಿ ಇದು, ಸುಟ್ಟುಕೊಂಡಿದ್ದಾ?"
ಇಲ್ಲ ಕಣೆ. ಬಡಿಸಿದ್ದು.

ಲ್ವೂವ್ ಊರು, ನಲವತ್ತೆರಡನೇ ಇಸವಿ.
ಊರಿನ ಹೆಸರು ಮೂರು ಭಾಷೆಯಲ್ಲಿ ಮೂರು ಥರ,
ಹಸಿವಿನದು ಮಾತ್ರ ಒಂದೇ.
ತಮ್ಮ ಕಾಯೆತಾನ್‌ಗೆ ಹದಿನಾರು. ಬೀದಿಯಲ್ಲಿ ಹಿಡಿದು
ರೈಲಿಗೆ ತುಂಬುತ್ತಿದ್ದ ವಯಸ್ಸು.
ಚಿಕ್ಕಮ್ಮ ಎಂದಳು: ಸಂಸ್ಥೆಯಲ್ಲಿ ಕೆಲಸವಿದೆ,
ಕೂತಿದ್ದರೆ ಸಾಕು.

ಕೂತೆ.
ಬೆಂಕಿಪೆಟ್ಟಿಗೆಗಿಂತ ಪುಟ್ಟ ಮರದ ಡಬ್ಬಿ,
ಮೈಗೆ ತಾಗುವ ಬದಿಗೆ ಹಿಟ್ಟಿನ ಜರಡಿಯ ಬಟ್ಟೆ,
ಒಳಗೆ ನಾನೂರು ಹೇನು.
ಗಂಡಸರಿಗೆ ಮೀನಖಂಡಕ್ಕೆ, ನಮಗೆ ತೊಡೆಗೆ,
ರಬ್ಬರ್ ಪಟ್ಟಿ ಬಿಗಿದು, ಲಂಗ ಇಳಿಬಿಟ್ಟು,
ದಿನಕ್ಕೆ ಮುಕ್ಕಾಲು ಗಂಟೆ.
ಚಿಕ್ಕಂದಿನಲ್ಲಿ ಅಮ್ಮ ಸೀಮೆಎಣ್ಣೆ ಸುರಿದು,
ಮಂಡಿಯ ನಡುವೆ ನನ್ನ ತಲೆ ಇರುಕಿಸಿಕೊಂಡು
ಉಗುರಿನ ಮೇಲೆ ಚಟ್ಟೆಂದು ಕುಕ್ಕುತ್ತಿದ್ದಳಲ್ಲ,
ಅದೇ ಕುಲದ್ದು.
ಅಮ್ಮನಿಗೆ, ಜೇನು ಸಾಕುವ ಕೆಲಸ ಎಂದಿದ್ದೆ.

ಮೊದಲು ಉರಿ, ಆಮೇಲೆ ತುರಿ.
ತುರಿಸಿಕೊಳ್ಳಬಾರದು.
ಸಾಕು ಎಂಬುದು ಹೇನಿಗೆ ಗೊತ್ತಿಲ್ಲ ಕಣೆ,
ಬಿಟ್ಟರೆ ಕುಡಿದೇ ಕುಡಿದು ಹೊಟ್ಟೆ ಒಡೆದು ಸಾಯುತ್ತದೆ.
ಸಾಕುವವಳೇ ಸಾಕು ಅನ್ನಬೇಕು.

ನನ್ನ ಪಕ್ಕ ರೇಖಾಗಣಿತದ ಮೇಷ್ಟ್ರು,
ಅವರ ವಿಶ್ವವಿದ್ಯಾಲಯಕ್ಕೆ ಬೀಗ ಬಿದ್ದು ವರ್ಷವಾಗಿತ್ತು.
ಎದುರಿಗೆ ಪಿಟೀಲಿನ ಎರಾಜ್ಮ್.
ಇಬ್ಬರೂ ಪ್ಯಾಂಟು ಮಡಚಿ, ಕಾಲಿಗೆ ಡಬ್ಬಿ ಕಟ್ಟಿ,
ಸಮಾನಾಂತರ ರೇಖೆಗಳು ಎಲ್ಲಾದರೂ ಕೂಡುತ್ತವೋ ಇಲ್ಲವೋ
ಎಂದು ಜಗಳವಾಡುವರು.
ನಡುವೆ ಗಂಟೆ ಬಾರಿಸಿದರೆ
ವಾದ ಅಲ್ಲಿಗೇ ಬಿಟ್ಟು ಪಟ್ಟಿ ಬಿಚ್ಚುವರು.

ಹನ್ನೆರಡು ದಿನ ಉಣಿಸಿ ಕೊಬ್ಬಿಸಿದ ಮೇಲೆ
ಮಹಡಿಯ ಕೋಣೆಗೆ.
ಅಲ್ಲಿ ಕೂದಲಿನಷ್ಟು ಸಣ್ಣ ಗಾಜಿನ ಸೂಜಿಯಲ್ಲಿ
ಒಂದೊಂದರ ಹಿಂಬದಿಗೂ ಜ್ವರ ತುಂಬುವರು.
ಐದು ದಿನಕ್ಕೆ ಅವಕ್ಕೂ ಕಾಯಿಲೆ, ಮೈಯೆಲ್ಲ ಕೆಂಪು.
ಆಮೇಲೆ ಕರುಳು ಬಿಡಿಸಿ, ಅರೆದು, ಫೀನಾಲ್ ಬೆರೆಸಿ...
ಮೂವತ್ತು ಕರುಳಿಗೆ ಒಂದು ಲಸಿಕೆ.
ಒಂದು ಲಸಿಕೆಗೆ ಒಂದು ತೋಳು.

ಯಾರ ತೋಳು? ಅದನ್ನು ಕೇಳುವ ಹಾಗಿರಲಿಲ್ಲ.
ಪೆಟ್ಟಿಗೆಗಳ ಮೇಲೆ ಹದ್ದಿನ ಮುದ್ರೆ.
ನನ್ನ ರಕ್ತ ಕುಡಿದದ್ದು ಹೇನೋ,
ಬೂಟು ಹಾಕಿದವರೋ, ನೀನೇ ಹೇಳು.
ಆದರೆ ಒಂದು ಗುರುತಿನ ಚೀಟಿ ಕೊಟ್ಟಿದ್ದರು, ಟೈಫಸ್ ಸಂಸ್ಥೆಯದು.
ತೋರಿಸಿದರೆ ಬಂದೂಕಿನವನೂ ಎರಡು ಹೆಜ್ಜೆ ಹಿಂದೆ.
ಪಾಪ, ಅವನಿಗೂ ಮನೆಯಲ್ಲಿ ಅಮ್ಮ ಇದ್ದಳು.
ತಮ್ಮನಿಗೂ ಡಬ್ಬಿ ಕಟ್ಟಿಸಿದೆ.
ರೈಲು ಅವನಿಲ್ಲದೆ ಹೋಯಿತು.

ಸಾಲ್ಚಾ ಬೇಲಿಯಾಚೆ ಇದ್ದಳು. ಒಂದೇ ಬೆಂಚಿನ ಗೆಳತಿ,
ನನ್ನ ತಲೆಯ ಹೇನು ಮೊದಲು ಹತ್ತಿದ್ದು ಅವಳ ಜಡೆಯಿಂದ.
ಅಲ್ಲಿ ಒಂದು ಹಾಸಿಗೆಗೆ ಆರು ಜನ, ಆರಕ್ಕೂ ಜ್ವರ.
ಕೈಗವಸಿನ ಬೆರಳಿಗೊಂದರಂತೆ ಸೀಸೆ ಇಳಿಸಿಕೊಂಡು
ಗುಡಿಸುವ ಒತಿಲ್ಯಾ ಬೇಲಿ ದಾಟಿದಳು, ಎರಡು ಸಲ.
ಮೂರನೇ ಸಲ ಹೋದಾಗ
ಆ ಬೀದಿಯಲ್ಲಿ ಯಾರೂ ಇರಲಿಲ್ಲ.
ಲಸಿಕೆ ಸಾಲ್ಚಾಗೆ ಮುಟ್ಟಿತೋ,
ಮುಟ್ಟಿ, ಜ್ವರದಿಂದ ಉಳಿದು,
ಉಳಿದವಳನ್ನು...
ಸಾಕು. ನೀರು ಹಾಕು.

ಹತ್ತೂಕಾಲು ಆಯಿತೇನೆ?
ನೋಡು, ಈಗಲೂ ಇದೇ ಹೊತ್ತಿಗೆ
ಏಳೂ ಚೌಕ ಒಟ್ಟಿಗೇ ಕಡಿಯುತ್ತವೆ.
ಏ, ಬೇಡ. ಕೈ ತೆಗಿ.
ತುರಿಸಬಾರದು.
ಉಣ್ಣುತ್ತಿವೆ.